ನೀರ್‌ದೋಸೆ ಹದಕ್ಕೆ ಬಂದ ತಾರಸಿ

ದೇವದಾಸ್ ಅವರನ್ನು ನಾನು ಮೊದಲ ಸಲ ಸರಿಯಾಗಿ ಕಂಡದ್ದು ಕತ್ತಲೆಯಲ್ಲಿ.

ಥಾಣೆ ಪೂರ್ವದಲ್ಲಿರುವ ನಮ್ಮ ಕನ್ನಡ ಸಂಘದ ಶಾಲೆಯಲ್ಲಿ ಅಂದು ಏಸಿ ವಿಭಾಗದ ಉದ್ಘಾಟನೆ. 'ಏಸಿ ವಿಭಾಗ' ಎಂದಾಗ ನಿಮಗೆ ಹೋಟೆಲು ನೆನಪಾದರೆ ತಪ್ಪು ನಿಮ್ಮದಲ್ಲ. ನಮ್ಮ ಸಮಿತಿಯ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಉಡುಪಿ ಕಡೆಯ ಹೋಟೆಲಿನವರು. ಹೋಟೆಲಿನಲ್ಲಿ ಏಸಿ, ನಾನ್ ಏಸಿ ಎಂದು ಎರಡು ಭಾಗ ಇರುವ ಹಾಗೆ ಶಾಲೆಯಲ್ಲೂ ಇರಲಿ ಎಂದು ಅವರಿಗೆ ತೋಚಿತು. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಇಂಗ್ಲಿಷ್ ಮಾಧ್ಯಮದ 'ಎ' ಡಿವಿಜನ್ ಏಸಿ, ಮಿಕ್ಕಿದ್ದೆಲ್ಲ ನಾನ್ ಏಸಿ. 'ಇಲ್ಲಿ ಹರಟೆ ಹೊಡೆಯಬಾರದು' ಎಂಬ ಹೋಟೆಲಿನ ಬೋರ್ಡನ್ನು ಮಾತ್ರ ತರಲಿಲ್ಲ. ಶಾಲೆಯಲ್ಲಿ ಅದು ಮೊದಲೇ ಇತ್ತು.

ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಸಂಘದ ಇಂಗ್ಲಿಷ್ ಪತ್ರಗಳನ್ನೆಲ್ಲ ಬರೆಯುವ ಜೊತೆ ಕಾರ್ಯದರ್ಶಿಯಾದ ನಾನೂ ಆ ದಿನ ಮುಂದಿನ ಸಾಲಿನಲ್ಲಿದ್ದೆ. ಅಧ್ಯಕ್ಷ ಯಶ್ವಂತ್ ಶೆಟ್ಟರು ರೇಷ್ಮೆ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು ಬಂದರು. ಒಳಗೆ, ಶಾಲೆಯ ಮೇಂಟೆನೆನ್ಸ್ ನೋಡಿಕೊಳ್ಳುವ ಸಣಕಲು ಮನುಷ್ಯರೊಬ್ಬರು ಬೆಂಚಿನ ಮೇಲೆ ನಿಂತು ಏಸಿಯ ಮೂತಿಯ ಮುಂದೆ ಮೂರು ಊದುಬತ್ತಿ ಹಿಡಿದಿದ್ದರು. ಗಾಳಿ ಎತ್ತ ಹೋಗುತ್ತದೆಂದು ಹೊಗೆಯಲ್ಲಿ ನೋಡುತ್ತಿದ್ದರು, ಅಷ್ಟೇ. ಶೆಟ್ಟರು ಆರತಿ ಶುರುವಾಯಿತೆಂದುಕೊಂಡರು. ಚಪ್ಪಲಿ ಕಳಚಿ ಏಸಿಗೆ ಕೈಮುಗಿದರು. ಅವರನ್ನು ನೋಡಿ ಸಮಿತಿಯೂ ಮುಗಿಯಿತು. ಕೈ ಮುಗಿಯಿತು ಎನ್ನಬೇಕು, ಸಮಿತಿ ಇನ್ನೂ ಇದೆ. ಹಿಂದೆ ನಿಂತ ಹುಡುಗರು ಜಾಗಟೆ ಇಲ್ಲವೆಂದು ಕಂಪಾಸ್ ಪೆಟ್ಟಿಗೆ ಬಡಿದರು. ಆ ಭಕ್ತಿಯ ಭರದಲ್ಲಿ ಶೆಟ್ಟರು ಕಾಯಿಯನ್ನು ಬಾಗಿಲಲ್ಲಿಟ್ಟಿದ್ದ ಕಲ್ಲಿಗೆ ಅಪ್ಪಳಿಸಿದರು. ಕಾಯಿ ಸರಿಯಾಗಿ ಎರಡು ಹೋಳಾಯಿತು. ನೀರು ಮಾತ್ರ ನೇರವಾಗಿ ಗೋಡೆಯ ಬುಡದಲ್ಲಿದ್ದ ಸ್ವಿಚ್‌ಬೋರ್ಡಿಗೆ ಅಭಿಷೇಕವಾಯಿತು.

ಫಟ್ ಎಂದಿತು. ಇಡೀ ಕಟ್ಟಡ ಆರಿಹೋಯಿತು. ತಂಪು ಸೋರದಿರಲೆಂದು ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿ, ಸ್ಕ್ರೂ ಬಿಗಿದು ಮುಚ್ಚಲಾಗಿತ್ತು. ಜೂನ್ ತಿಂಗಳ ಮೋಡದ ಸೆಖೆಯಲ್ಲಿ ನಲವತ್ತು ಮಂದಿ ಜರಿಸೀರೆ, ಶಾಲು, ಟೈಗಳ ಸಮೇತ ಬೇಯತೊಡಗಿದೆವು. ಆಗ ಕತ್ತಲೆಯಿಂದ ಒಂದು ಧ್ವನಿ ಬಂತು.

"ಯಾರೂ ತಲೆಬಿಸಿ ಮಾಡ್ಬೇಡಿ. ಕಿಟಕಿ ತೆಗಿತೇನೆ."

ಸ್ಕ್ರೂಡ್ರೈವರ್ ಕಿರುಗುಟ್ಟಿತು. ಒಂದು ಪಟ್ಟಿ ಬೆಳಕು, ಅದರ ಹಿಂದೆಯೇ ಒಂದು ಹಿಡಿ ಗಾಳಿ ಒಳಗೆ ಬಂತು. ನಮ್ಮ ಏಸಿ ವಿಭಾಗವನ್ನು ಹೀಗೆ ಉದ್ಘಾಟಿಸಿದ್ದು ಕಿಟಕಿ.

"ಊದುಬತ್ತಿ ಹಚ್ಚುವ ಮೊದಲು ಹೇಳ್ಬಾರ್ದಾ ಮಾರಾಯ?" ಎಂದರು ಶೆಟ್ಟರು, ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತ.

"ಯಾರಿಗೆ ಶೆಟ್ರೇ? ಏಸಿಗಾ?" ಎಂದರು ದೇವದಾಸ್.

ಕಟಪಾಡಿ ಹತ್ತಿರದ ದೇವದಾಸ್ ಅವರಿಗೆ ಈಗ ಐವತ್ತೆಂಟು. ಇಪ್ಪತ್ತಾರು ವರ್ಷ ಶೆಟ್ಟರ ಥಾಣೆಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಆ ಅಡುಗೆಮನೆಯಲ್ಲಿ ಎಷ್ಟು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಹೊಗೆ ಹೋಗುತ್ತಿರಲಿಲ್ಲವಂತೆ. ಕಂಪನಿಯವರು ಬಂದು ಇನ್ನೂ ದೊಡ್ಡದು ಬೇಕೆಂದು ಹೇಳಿ ಹೋದರು. ಒಂದು ದಿನ ಹಿಂಬದಿಯ ಶಟರು ಕೆಟ್ಟು, ನೆಲದಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಅಂದು ಹೊಗೆಯೆಲ್ಲ ಹೇಳದೆ ಕೇಳದೆ ಹೊರಟುಹೋಯಿತು. ಶಟರು ರಿಪೇರಿಗೆ ಬಂದವನನ್ನು ದೇವದಾಸ್ ಚಹಾ ಕುಡಿಸಿ ವಾಪಸು ಕಳಿಸಿದರು.

"ಗಾಳಿ ಹೊರಗೆ ಹೋಗ್ಬೇಕಾದ್ರೆ ಮೊದಲು ಒಳಗೆ ಬರ್ಬೇಕು. ಬರ್ಲಿಕ್ಕೆ ದಾರಿ ಇಲ್ಲದಿದ್ರೆ ಫ್ಯಾನು ಸುಮ್ಮನೆ ತಿರುಗೂದು, ನಮ್ಮ ಸಂಘದ ಮೀಟಿಂಗಿನ ಹಾಗೆ," ಎಂದು ಅವರು ನನಗೆ ವಿವರಿಸಿದ್ದುಂಟು.

ಆಮೇಲೆ ಕಲ್ಯಾಣ, ಉಲ್ಹಾಸನಗರ, ವಾಶಿ ಎಂದು ಎಲ್ಲೆಲ್ಲಿ ಅಡುಗೆಮನೆ ಹೊಗೆಯಾಡುತ್ತದೋ ಅಲ್ಲಿನ ಹೋಟೆಲಿನವರೆಲ್ಲ ಅವರನ್ನು ಕರೆಯತೊಡಗಿದರು. ಎದೆ ಸರಿಯಿಲ್ಲ, ಕಾವಲಿ ಬಿಡಿ ಎಂದು ಡಾಕ್ಟರು ಹೇಳಿದಾಗ ಶೆಟ್ಟರು ಅವರನ್ನು ಶಾಲೆಗೆ ತಂದು ನಳ, ಬಲ್ಬು, ಬಾಗಿಲುಗಳ ಉಸ್ತುವಾರಿ ಕೊಟ್ಟರು. ಗಾಳಿಯ ಉಸ್ತುವಾರಿ ಯಾರೂ ಕೊಡಲಿಲ್ಲ. ಅದು ಯಾರ ಖಾತೆಯಲ್ಲೂ ಇರಲಿಲ್ಲ.

ಏಸಿ ವಿಭಾಗ ಜೋರಾಗಿ ನಡೆಯಿತು. ಜೋರು ಎಂದರೆ ಗೊರಕೆಯ ಅರ್ಥದಲ್ಲಿ. ಸ್ಕ್ರೂ ಬಿಗಿದ ಕೋಣೆಯಲ್ಲಿ ನಲವತ್ತೈದು ಹುಡುಗರು ಹದಿನೆಂಟು ಡಿಗ್ರಿಯಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತ ಕೂತರೆ ಮೂರನೆಯ ಪೀರಿಯಡ್ಡಿಗೆ ಅರ್ಧ ತರಗತಿ ಬೆಂಚಿಗೊರಗುತ್ತಿತ್ತು. ಒಂದಾದರೂ ಕಿಟಕಿ ತೆರೆಯಿರಿ ಎಂದು ದೇವದಾಸ್ ಎರಡು ಸಲ ಹೇಳಿದರು. "ಕಿಟಕಿ ತೆರೆದ್ರೆ ತಂಪು ಹೋಗ್ತದೆ," ಎಂದದ್ದಷ್ಟೇ, ಆಮೇಲೆ ಸಮಿತಿ ಉಸಿರೆತ್ತದೆ ಕೂತಿತು. ಉಸಿರೆತ್ತಲು ಅಲ್ಲಿ ಗಾಳಿಯೂ ಇರಲಿಲ್ಲ.

ಇದು ಹೀಗೇ ಸಾಗುತ್ತಿತ್ತೋ ಏನೋ. ಮಾರ್ಚ್ ಮೊದಲ ವಾರ ಬಂತು.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ತಾರಸಿಯ ನೇರ ಕೆಳಗೆ, ಕನ್ನಡ ಮಾಧ್ಯಮದ ಎಂಟನೆಯ ತರಗತಿ ಇದೆ. ಲೋಲಾಕ್ಷಿ ಟೀಚರದ್ದು. ಇಪ್ಪತ್ತನಾಲ್ಕು ಮಕ್ಕಳು, ಅವರಲ್ಲಿ ಹದಿನೇಳು ಮಂದಿ ದಿವಾದಿಂದ ಬೆಳಗಿನ ಲೋಕಲ್ ರೈಲು ಹತ್ತಿ ಬರುವವರು. ಒಂದು ಬುಧವಾರ ಹನ್ನೊಂದೂವರೆಗೆ ಮಾನಸಿ ಎಂಬ ಹುಡುಗಿ ತಲೆ ಹಿಡಿದುಕೊಂಡು ಎದ್ದು ನಿಂತು "ಟೀಚರ್, ಚಕ್ಕರ್ ಆ ರಹಾ ಹೈ" ಎಂದಳು. ಟೀಚರು "ಕನ್ನಡದಲ್ಲಿ ಹೇಳು" ಎನ್ನುವಷ್ಟರಲ್ಲಿ ಕುಸಿದುಬಿದ್ದಳು. ಅನುವಾದಕ್ಕೆ ಆಸ್ಪದವಿರಲಿಲ್ಲ.

ನೀರು ಕುಡಿಸಿ, ಆಫೀಸಿನ ಏಸಿಯಲ್ಲಿ ಮಲಗಿಸಿದ ಮೇಲೆ ಅವಳು ಸುಧಾರಿಸಿಕೊಂಡಳು. ಅವಳಪ್ಪ ರೇವಣಸಿದ್ದ ತುರ್ಭೆಯ ಗೋದಾಮಿನಲ್ಲಿ ಈರುಳ್ಳಿ ಮೂಟೆ ಹೊರುವವರು. ಕೆಲಸ ಬಿಟ್ಟು ಓಡಿಬಂದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು.

"ಸರ, ನಾ ದಿನಾ ಉಳ್ಳಾಗಡ್ಡಿ ಚೀಲ ಹೊರಾಂವ," ಎಂದರು. "ನಮ್ಮ ಗೋದಾಮಿನಾಗ ಸುದ್ದಾ ಮ್ಯಾಲ ಜಾಳಗಿ ಕಿಂಡಿ ಬಿಟ್ಟಿರ್ತಾರ. ಗಾಳಿ ಆಡಲಿಲ್ಲಂದ್ರ ಉಳ್ಳಾಗಡ್ಡಿ ಕೊಳೀತಾವಂತ. ಉಳ್ಳಾಗಡ್ಡಿಗಿ ಬೇಕಾದ ಗಾಳಿ ಹುಡುಗುರಿಗಿ ಬ್ಯಾಡೇನ್ರಿ?"

ಬಾಗಿಲಲ್ಲಿ ನಿಂತಿದ್ದ ದೇವದಾಸ್ ತಲೆಯಾಡಿಸಿದರು. ಇಷ್ಟು ವರ್ಷದಲ್ಲಿ ತಮ್ಮ ಗಾಳಿಯ ಭಾಷೆ ಆಡುವವರೊಬ್ಬರು ಸಿಕ್ಕ ಹಾಗಿತ್ತು ಆ ತಲೆಯಾಟ.

ಮಾರನೆಯ ದಿನ ಸಮಿತಿ ಸೇರಿತು. ಮೇಲಿನ ಮಹಡಿಗೂ ಏಸಿ ಹಾಕುವ ಎಂದರು ಕೆಲವರು. ಕಟ್ಟಡದ ವಯರಿಂಗು ಇನ್ನೊಂದು ಏಸಿಯನ್ನೂ ತಾಳುವುದಿಲ್ಲ ಎಂದು ವಯರ್‌ಮನ್ ಬರೆದುಕೊಟ್ಟಿದ್ದ. ಹಾಗಾದರೆ ಆ ತರಗತಿಯನ್ನು ಮಧ್ಯಾಹ್ನದ ಪಾಳಿಗೆ ಹಾಕಿ, ಆಗ ಖಾಲಿಯಾಗುವ ಕೆಳಗಿನ ಕೋಣೆ ಕೊಡೋಣ ಎಂದರು ಶೆಟ್ಟರು. ಎಲ್ಲರಿಗೂ ಸಮಾಧಾನವಾಯಿತು, ಲೋಲಾಕ್ಷಿ ಟೀಚರೊಬ್ಬರನ್ನು ಬಿಟ್ಟು.

"ಮಧ್ಯಾಹ್ನದ ಪಾಳಿ ಬಿಡೂದು ಆರು ಗಂಟೆಗೆ," ಎಂದರು ಅವರು. "ಆರು ಗಂಟೆಗೆ ಥಾಣೆ ಸ್ಟೇಷನ್ನಿನಲ್ಲಿ ನೀವು ಲೋಕಲ್ ಹತ್ತಿದ್ದುಂಟಾ ಶೆಟ್ರೇ? ಹದಿಮೂರು ವರ್ಷದ ಹುಡುಗಿಯರು ಹತ್ತೂದು ಹಾಗಿರ್ಲಿ, ಹತ್ತಿದ್ರೂ ಆ ರಶ್ಶಿನಲ್ಲಿ ದಿವಾದಲ್ಲಿ ಇಳೀಲಿಕ್ಕೆ ಆಗ್ತದಾ? ಕಲ್ಯಾಣಕ್ಕೇ ಹೋಗಿ ಮುಟ್ಟಬೇಕು. ಹದಿನೇಳು ಮಕ್ಕಳನ್ನೂ ಅಪ್ಪ ಅಮ್ಮ ಬಿಡಿಸ್ತಾರೆ. ಉಳಿದ ಏಳು ಮಂದಿಗೆ ಒಂದು ತರಗತಿ ನೀವು ನಡೆಸ್ತೀರಾ?"

ನಡೆಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಂಟನೆಯದು ಮುಚ್ಚಿದರೆ ಮುಂದಿನ ವರ್ಷ ಒಂಬತ್ತನೆಯದು ಇರುವುದಿಲ್ಲ. ಥಾಣೆಯಲ್ಲಿ ನಮ್ಮ ಕನ್ನಡ ಮಾಧ್ಯಮ ಹೀಗೆ ಬೆವರಿ ಬೆವರಿ ತೀರಿಹೋಗುತ್ತದೆ. ಆಗ ಚಹಾದ ಟ್ರೇ ಹಿಡಿದು ಬಂದ ದೇವದಾಸ್, ಟ್ರೇಯನ್ನು ಮೇಜಿನ ಮೇಲಿಟ್ಟು ಹೇಳಿದರು.

"ಈ ತಿಂಗಳ ಕೊನೆಯ ಶನಿವಾರದ ತನಕ ಟೈಮ್ ಕೊಡಿ. ಅಂದು ಪಾಲಕರ ಮೀಟಿಂಗು ಮೇಲಿನ ಕೋಣೆಯಲ್ಲೇ ಇಡಿ, ಹನ್ನೆರಡು ಗಂಟೆಗೆ. ಬೆಂದ್ರೆ ಎಲ್ಲರೂ ಒಟ್ಟಿಗೇ ಬೇಯುವ. ಆಮೇಲೆ ಬೇಕಾದ್ರೆ ಪಾಳಿ ಬದಲಿಸಿ."

ಸಮಿತಿ ಒಪ್ಪಿತು. ನಾನು ಅದನ್ನು ನಡಾವಳಿಯಲ್ಲಿ ಬರೆದೆ. ಬೇಯುವ ಮಾತನ್ನು ಬಿಟ್ಟು.

ಮರುದಿನ ಮಧ್ಯಾಹ್ನ ದೇವದಾಸ್ ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಕೈಯಲ್ಲೊಂದು ತಂಬಿಗೆ ನೀರು. ಕಾವಲಿ ಕಾದಿದೆಯೇ ಎಂದು ನೋಡುವವರ ಹಾಗೆ ಸ್ಲ್ಯಾಬಿನ ಮೇಲೆ ನೀರು ಚಿಮುಕಿಸಿ, ಕಿವಿಗೊಟ್ಟು, ಬೆರಳು ಮಡಚುತ್ತ ಎಣಿಸಿದರು. ಒಂಬತ್ತು ಎಣಿಸುವಷ್ಟರಲ್ಲಿ ಹನಿಗಳು ಮಾಯ.

"ನೀರ್‌ದೋಸೆ ಹದಕ್ಕೆ ಬಂದಿದೆ," ಎಂದರು. "ಇದರ ಕೆಳಗೆ ಮಕ್ಕಳನ್ನು ಕೂರಿಸಿದ್ದೇವೆ, ಮುಚ್ಚಳ ಹಾಕಿ."

ಮುಚ್ಚಳವೆಂದರೆ ಗೋಡೆಯ ಮೇಲ್ಭಾಗದ ಗಾಳಿಗಂಡಿಗಳು. ಪಾರಿವಾಳ ಬರುತ್ತವೆಂದು ಅವುಗಳಿಗೆ ಯಾವುದೋ ಕಾಲದಲ್ಲಿ ಪ್ಲೈವುಡ್ ಹೊಡೆದಿದ್ದರು. ಪಾರಿವಾಳಗಳು ಆಮೇಲೆ ಮೆಟ್ಟಿಲ ಬಾಗಿಲಿನಿಂದ ಸಭ್ಯವಾಗಿ ಬರತೊಡಗಿದ್ದವು.

ದೇವದಾಸ್ ಪ್ಲೈವುಡ್ ಕಿತ್ತು ಬಲೆ ಕಟ್ಟಿದರು. ಮುಚ್ಚಿಹೋದ ಯಾವುದೋ ಹೋಟೆಲಿನಿಂದ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನ್ ತಂದು ತರಗತಿಯ ಒಳಗಿನ ಕಿಟಕಿಗೆ ಕೂರಿಸಿದರು. ನಮ್ಮ ಕಟ್ಟಡದ ನಡುವೆ, ಬೆಳಕಿಗೆಂದು ಬಿಟ್ಟ, ಬಾವಿಯಂಥ ಒಂದು ತೆರಪಿದೆ. ಬಿಸಿಗಾಳಿ ಆ ಬಾವಿಗೆ ಹೋಗಲಿ ಎಂಬುದು ಲೆಕ್ಕ. ಸ್ವಿಚ್ಚು ಹಾಕುವಾಗ ಲೋಲಾಕ್ಷಿ ಟೀಚರು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು.

ಮಾರನೆಯ ದಿನ ಕೋಣೆ ಹಿಂದಿಗಿಂತ ಹೆಚ್ಚು ಕಾದಿತ್ತು.

"ಅಂಕಲ್, ಯೆ ಫ್ಯಾನ್ ಉಲ್ಟಾ ಹೈ ಕ್ಯಾ?" ಎಂದು ಕೇಳಿದಳು ಮಾನಸಿ. ಮಕ್ಕಳು ನಕ್ಕವು. ದೇವದಾಸ್ ನಗಲಿಲ್ಲ. ಸ್ಟೂಲು ಹತ್ತಿ ಊದುಬತ್ತಿ ಹಿಡಿದರು. ಫ್ಯಾನು ಸರಿಯಾಗಿಯೇ ಹೊಗೆಯನ್ನು ಹೊರಗೆ ತಳ್ಳುತ್ತಿತ್ತು. ಆದರೆ ಪಕ್ಕದ ಕಿಟಕಿಯಿಂದ ಅದೇ ಹೊಗೆ ವಾಪಸು ಬರುತ್ತಿತ್ತು, ಜೊತೆಗೆ ಇನ್ನಷ್ಟು ಬಿಸಿಯನ್ನು ಕರೆದುಕೊಂಡು. ಅವರು ಬಾವಿಯೊಳಗೆ ಕೈ ಚಾಚಿ ಥಟ್ಟನೆ ಹಿಂದಕ್ಕೆಳೆದುಕೊಂಡರು. ಬಗ್ಗಿ ನೋಡಿದರು.

ಕೆಳಗೆ, ಮೊದಲ ಮಹಡಿಯ ಮಟ್ಟದಲ್ಲಿ, ನಮ್ಮ ಏಸಿ ವಿಭಾಗದ ಆರು ಹೊರಪೆಟ್ಟಿಗೆಗಳು ಸಾಲಾಗಿ ಕೂತು ಬಾವಿಯೊಳಗೆ ಬಿಸಿ ಉಗುಳುತ್ತಿದ್ದವು. ರಸ್ತೆಯಿಂದ ನೋಡುವವರಿಗೆ ಶಾಲೆ ಚೆಂದ ಕಾಣಲಿ ಎಂದು ಅವನ್ನು ಒಳಗೆ ಬಚ್ಚಿಟ್ಟಿದ್ದೆವು. ಆ ಬಿಸಿಗೆ ಹೋಗಲು ಇದ್ದ ದಾರಿ ಒಂದೇ, ಮೇಲೆ. ಮೇಲೆ ಇದ್ದದ್ದು ಎಂಟನೆಯ ತರಗತಿ.

"ತಪ್ಪು ನಂದು ಟೀಚರೇ," ಎಂದರು ದೇವದಾಸ್ ಕೆಳಗಿಳಿದು. "ಬಗ್ಗಿ ನೋಡದೆ ಫ್ಯಾನ್ ಹಾಕಿದೆ. ಒಲೆ ಎಲ್ಲಿ ಉಂಟು ಅಂತ ಮೊದಲು ನೋಡ್ಬೇಕಿತ್ತು."

"ಒಲೆ ಹಾಕಿದವರು ನೀವಲ್ಲ ದೇವದಾಸಣ್ಣ," ಎಂದರು ಟೀಚರು. "ಇನ್ನೆಷ್ಟು ದಿನ ಉಂಟು?"

"ಹನ್ನೊಂದು."

ಪೆಟ್ಟಿಗೆಗಳನ್ನು ಹಿಂದಿನ ನಾಲೆಯ ಕಡೆಯ ಗೋಡೆಗೆ ಸಾಗಿಸಬೇಕಿತ್ತು. ಅಂದರೆ ಮೂರು ದಿನ ಏಸಿ ಬಂದ್. ಶೆಟ್ಟರು ಸಾಧ್ಯವೇ ಇಲ್ಲವೆಂದರು. ಏಸಿ ವಿಭಾಗ ಅವರ ಕನಸು, ಪಾಲಕರಿಗೆ ಕೊಟ್ಟ ಮಾತು. ಅಲ್ಲಿಂದ ಎರಡು ದಿನ ಶಾಲೆಯಲ್ಲಿ ಶೀತಲ ಸಮರ ನಡೆಯಿತು, ಆ ಸೆಖೆಯಲ್ಲಿ ಶೀತಲವಾಗಿದ್ದದ್ದು ಅದೊಂದೇ. ಮೂರನೆಯ ದಿನ ದೇವದಾಸ್ ಶೆಟ್ಟರ ಎದುರು ಹೋಗಿ ನಿಂತರು.

"ಶೆಟ್ರೇ, ಮೇಲೆ ಒಂದು ಗಳಿಗೆ ಬರ್ತೀರಾ? ಮಕ್ಕಳು ನಿಮ್ಮತ್ರ ಒಂದು ಪದ್ಯ ಹೇಳ್ಬೇಕಂತೆ."

ಪದ್ಯವೆಂದರೆ ಶೆಟ್ಟರಿಗೆ ಇಲ್ಲವೆನ್ನಲಾಗದು. ಹನ್ನೊಂದೂಮುಕ್ಕಾಲಿಗೆ ಮೂರು ಮಹಡಿ ಹತ್ತಿ, ಒಳಗಿನ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತರು. ಪದ್ಯ ಉದ್ದವಿತ್ತು. ಟೀಚರು ಇನ್ನೊಮ್ಮೆ ಹೇಳಿಸಿದರು. ಎರಡನೆಯ ಸಲ ಮುಗಿಯುವಾಗ ಶೆಟ್ಟರ ಅಂಗಿ ಬೆನ್ನಿಗೆ ಅಂಟಿ, ಬನಿಯನ್ನಿನ ಕಂಪನಿಯ ಹೆಸರು ಓದುವಂತಿತ್ತು. ಅಲ್ಲಿಂದ ದೇವದಾಸ್ ಅವರನ್ನು ಕೆಳಗೆ ಒಂಬತ್ತನೆಯ 'ಎ'ಗೆ ಕರೆದೊಯ್ದರು. ತಂಪು ಜೋರಾಗಿತ್ತು. ಹದಿನಾಲ್ಕು ಮಂದಿ ಮಲಗಿದ್ದರು. ಹದಿನೈದನೆಯವರು ಗಣಿತದ ಮಾಸ್ತರು, ಅವರು ಆಕಳಿಸುತ್ತಿದ್ದರು.

"ಎಂಥ ಇದು?" ಎಂದರು ಶೆಟ್ಟರು.

"ನಮ್ಮ ಹೋಟೆಲಿನ ಭಾಷೆಯಲ್ಲಿ ಹೇಳ್ಲಾ?" ಎಂದರು ದೇವದಾಸ್. "ಬಟ್ಟಿಯ ಹೊಗೆಯನ್ನು ಪೈಪು ಹಾಕಿ ಮೇಲಿನ ಫ್ಯಾಮಿಲಿ ರೂಮಿಗೆ ಬಿಟ್ಟಿದ್ದೇವೆ. ಕೆಳಗಿನ ಏಸಿ ಹಾಲಿನಲ್ಲಿ ನಿನ್ನೆಯ ಗಿರಾಕಿಗಳನ್ನು ಹೊರಗೆ ಕಳಿಸ್ಲೇ ಇಲ್ಲ. ನಿಮ್ಮ ಹೋಟೆಲಿನಲ್ಲಿ ಹೀಗೆ ಮಾಡಿದ್ರೆ ನೀವು ನನ್ನನ್ನು ಇಟ್ಕೊಳ್ತಿದ್ರಾ?"

ಶೆಟ್ಟರು ಗಣಿತದ ಮಾಸ್ತರನ್ನು ನೋಡಿದರು. "ನಾಳೆಯೇ ತೆಗೆ ಮಾರಾಯ," ಎಂದರು. ಅವರ ದೊಡ್ಡತನವೆಂದರೆ ಅದು. ಇಂಗ್ಲಿಷಿನಲ್ಲಿ ನಾನು ಬರೆದ ಎರಡು ಪುಟದ ಟಿಪ್ಪಣಿ ಅವರ ಮೇಜಿನ ಮೇಲೆ ಎರಡು ದಿನದಿಂದ ಇತ್ತು. ಅದರ ಮೇಲೆ ಅವರು ಚಹಾ ಲೋಟ ಇಡುತ್ತಿದ್ದರು.

ಆಮೇಲೆ ಕೆಲಸ ಓಡಿತು. ಪೆಟ್ಟಿಗೆಗಳು ಹಿಂದಿನ ಗೋಡೆಗೆ ಹೋದವು. ಎಕ್ಸಾಸ್ಟ್ ಫ್ಯಾನು ಕಿಟಕಿಯಿಂದ ಮೆಟ್ಟಿಲ ತುದಿಗೆ ಬಡ್ತಿ ಪಡೆಯಿತು. ಈಗ ಮೂರೂ ಮಹಡಿಗಳ ಬಿಸಿ ಮೆಟ್ಟಿಲಿನ ದಾರಿಯಲ್ಲೇ ಮೇಲೇರಿ ಹೊರಬೀಳುತ್ತಿತ್ತು, ಗಾಳಿಗಂಡಿಗಳಿಂದ ಹೊಸದು ಒಳಬರುತ್ತಿತ್ತು. ಏಸಿ ಕೋಣೆಗಳಲ್ಲಿ ಒಂದೊಂದು ಕಿಟಕಿಯ ಸ್ಕ್ರೂ ಬಿಚ್ಚಿ, ಒಂದು ಗೇಣು ತೆರೆದು ಬಲೆ ಹಾಕಿದರು. ಸೀಲಿಂಗ್ ಫ್ಯಾನನ್ನು ನಿಧಾನಕ್ಕೆ ಬಿಟ್ಟು ಏಸಿಯನ್ನು ಇಪ್ಪತ್ತಾರಕ್ಕೆ ಏರಿಸಿ ರಿಮೋಟನ್ನು ಜೇಬಿಗಿಳಿಸಿಕೊಂಡರು. ಹುಡುಗರು ಎಚ್ಚರಾದರು, ಮೀಟರು ಮಾತ್ರ ತೂಕಡಿಸುವ ಗತಿಯಲ್ಲಿ ತಿರುಗತೊಡಗಿತು. ಗಣಿತದ ಮಾಸ್ತರು ಮಕ್ಕಳು ಪ್ರಶ್ನೆ ಕೇಳುತ್ತಿದ್ದಾರೆಂದು ದೂರು ಕೊಟ್ಟರು.

ಭಾನುವಾರ ತಾರಸಿಗೆ ಬಿಳಿ ಸುಣ್ಣ. ದಿವಾದಿಂದ ಮಕ್ಕಳು, ಪಾಲಕರು ಬಂದರು. ರೇವಣಸಿದ್ದ ಬಂದು, ಯಾರೊಡನೆಯೂ ಮಾತಾಡದೆ, ಸುಣ್ಣದ ಎರಡೆರಡು ಬಕೀಟನ್ನು ಒಟ್ಟಿಗೇ ಮೇಲೆ ಹೊತ್ತರು. ನಾನೂ ಒಂದು ಬ್ರಶ್ಶು ಹಿಡಿದೆ. "ನೀವು ಬರೀರಿ ಸಾರ್, ಬಳೀಬೇಡಿ" ಎಂದು ದೇವದಾಸ್ ಅದನ್ನು ಕಸಿದುಕೊಂಡರು. ಮೂರು ಕೋಟ್ ಒಣಗಿದ ಮೇಲೆ, ಸೋಮವಾರ ಮಧ್ಯಾಹ್ನ, ಮತ್ತೆ ತಂಬಿಗೆ ನೀರು ಚಿಮುಕಿಸಿ ಎಣಿಸಿದರು. ನಲವತ್ತು ದಾಟಿದರೂ ಹನಿಗಳು ಕದಲಲಿಲ್ಲ.

"ಈಗ ದೋಸೆ ಹೊಯ್ದರೆ?" ಎಂದೆ.

"ಎಬ್ಬಿಸ್ಲಿಕ್ಕೆ ಬರೂದಿಲ್ಲ," ಎಂದರು, ಜೀವಮಾನದಲ್ಲಿ ಮೊದಲ ಸಲ ಅದನ್ನು ಸಂತೋಷದಿಂದ.

ಕೊನೆಯ ಶನಿವಾರ ಬಂತು. ಬೆಳಗ್ಗೆಯಿಂದಲೇ ಆಕಾಶ ಕೆಂಡ. ಹನ್ನೆರಡು ಗಂಟೆಗೆ ಎಂಟನೆಯ ತರಗತಿಯಲ್ಲಿ ಇಪ್ಪತ್ತೆರಡು ಮಂದಿ ಪಾಲಕರು, ಸಮಿತಿ, ಮಕ್ಕಳು ಎಲ್ಲ ಸೇರಿ ಕಾಲಿಡಲು ಜಾಗವಿರಲಿಲ್ಲ. ಲೋಲಾಕ್ಷಿ ಟೀಚರು ಒಂದು ಕಾಗದ ಹಂಚಿದರು. ತರಗತಿ ಇದೇ ಕೋಣೆಯಲ್ಲಿ, ಬೆಳಗಿನ ಪಾಳಿಯಲ್ಲೇ ಮುಂದುವರಿಯಲು ಒಪ್ಪಿಗೆ ಎಂದು ಸಹಿ ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಸಹಿ ಬಾರದಿದ್ದರೆ ಪಾಳಿ ಬದಲು.

ಸಹಿ ಬೀಳುವ ಮೊದಲು ನಾನು ಒಂದು ವಿಷಯ ಗಮನಿಸಿದೆ. ಥಾಣೆಯಲ್ಲಿ ಮಾರ್ಚಿನಲ್ಲಿ ಯಾರ ಕೈಗೆ ಕಾಗದ ಕೊಟ್ಟರೂ ಅವರು ಮೊದಲು ಮಾಡುವುದು ಅದರಿಂದ ಬೀಸಿಕೊಳ್ಳುವುದು. ಆ ದಿನ ಇಪ್ಪತ್ತೆರಡು ಮಂದಿಯೂ ಕಾಗದವನ್ನು ಓದುತ್ತಿದ್ದರು. ಓದುತ್ತಿದ್ದಾರೆ, ಬೀಸಿಕೊಳ್ಳುತ್ತಿಲ್ಲ! ಲೋಲಾಕ್ಷಿ ಟೀಚರಿಗೂ ಅದು ಕಂಡಿರಬೇಕು. ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಒಂದೊಂದೇ ಸಹಿ ಬಂತು. ಹತ್ತು, ಹದಿನೈದು, ಇಪ್ಪತ್ತೊಂದು. ಇಪ್ಪತ್ತೆರಡನೆಯದು ರೇವಣಸಿದ್ದರದ್ದು. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಆಗಲೇ ಬಂದಿತ್ತು. ಆದರೂ ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಅವರು ಎದ್ದು ಗೋಡೆ ಮುಟ್ಟಿದರು, ಗಾಳಿಗಂಡಿಯ ಕೆಳಗೆ ಅಂಗೈ ಹಿಡಿದರು, ಮಗಳ ಹಣೆ ಮುಟ್ಟಿದರು.

"ಅಪ್ಪಾ, ಬಸ್ ನಾ. ಸಬ್ ದೇಖ್ ರಹೇ ಹೈಂ," ಎಂದ ಮಾನಸಿ, ಎಲ್ಲರ ಕಣ್ಣು ತಮ್ಮ ಮೇಲಿದ್ದದ್ದಕ್ಕೆ ನಾಚಿದಳು.

ರೇವಣಸಿದ್ದ ಕೂತು, ದೊಡ್ಡ ಅಕ್ಷರದಲ್ಲಿ, ಚೀಲದ ಮೇಲೆ ಗುರುತು ಹಾಕುವ ಹಾಗೆ ಒತ್ತಿ ಸಹಿ ಮಾಡಿದರು. ತರಗತಿ ಉಳಿಯಿತು. ಮಕ್ಕಳು ಬೆಂಚು ಬಡಿದರು. ಯಶ್ವಂತ್ ಶೆಟ್ಟರು ಎದ್ದು ನಿಂತು, ಇದು ಇಡೀ ಥಾಣೆ ಜಿಲ್ಲೆಗೇ ಮಾದರಿ, ಕಲ್ಯಾಣದ ಶಾಲೆಯವರು ಆಗಲೇ ಫೋನ್ ಮಾಡಿದ್ದಾರೆ, ಇದೆಲ್ಲ ನಮ್ಮ ದೇವದಾಸನ ತಲೆ ಎಂದು ಅವರನ್ನು ಮುಂದಕ್ಕೆಳೆದರು. ದೇವದಾಸ್ ಸುಣ್ಣದ ಕಲೆಯ ಪ್ಯಾಂಟಿನಲ್ಲಿ ಮುದುಡಿ ನಿಂತರು.

ಪೆನ್ನಿನ ಮುಚ್ಚಳ ಹಾಕುತ್ತ ರೇವಣಸಿದ್ದ ಕೈಯೆತ್ತಿದರು. ಸಹಿ ಮಾಡಿದ ಮೇಲೆ ಪ್ರಶ್ನೆ ಕೇಳುವುದು ನಮ್ಮಲ್ಲಿ ಎಲ್ಲರಿಗೂ ಇರುವ ಅಭ್ಯಾಸ.

"ಅಣ್ಣಾರ, ಒಂದ್ ಮಾತು. ಇದು ಮಾರ್ಚಾತು. ಖರೇ ಬಿಸಲು ಇನ್ನೂ ಮುಂದೈತಿ. ಮೇ ತಿಂಗಳದಾಗೂ ಈ ಖೋಲಿ ಹಿಂಗ ತಣ್ಣಗ ಇರತೈತೇನ್ರಿ?"

ಶೆಟ್ಟರು ಎದೆಯುಬ್ಬಿಸಿದರು. ಲೋಲಾಕ್ಷಿ ಟೀಚರು ಸಹಿಯಾದ ಕಾಗದಗಳನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಬರೆದುಕೊಳ್ಳಲು ಪೆನ್ನು ತೆಗೆದೆ. ದೇವದಾಸ್ ತಲೆ ಕೆರೆದುಕೊಂಡು, ಮೇಲಿನ ಸ್ಲ್ಯಾಬನ್ನೊಮ್ಮೆ ನೋಡಿ, ಬಹಳ ಪ್ರಾಮಾಣಿಕವಾಗಿ ಹೇಳಿದರು.

"ಮೇ ತಿಂಗಳದ್ದು ನಾನು ನೋಡ್ಲಿಲ್ಲ ಮಾರಾಯ್ರೇ. ಶಾಲೆಗೆ ರಜೆ ಅಲ್ವಾ?"